ಪಾರ್ಕಿಂಗಿನ ಇಳಿಜಾರು

ಆ ಭಾನುವಾರ ಬೆಳಿಗ್ಗೆ ಸಂಪತ್ ಹಾಲಿನ ಪ್ಯಾಕೆಟ್ ತೆಗೆದುಕೊಳ್ಳಲೆಂದು ಕೆಳಗಿಳಿದು ಬಂದಾಗ ಪಾರ್ಕಿಂಗಿನ ಟೈಲ್ಸಿನ ಮೇಲೆ ಎಣ್ಣೆಯ ಕಲೆ ಮತ್ತೆ ಬಿದ್ದಿತ್ತು. ಅವನಿಗೆ ಮೊದಲು ಬಂದದ್ದು ಸಿಟ್ಟು. ಎಷ್ಟು ಹೇಳಿದರೂ ಈ ಫಕೀರೇಶನಿಗೆ ಬುದ್ಧಿ ಬರುವುದಿಲ್ಲವಲ್ಲ ಎಂದುಕೊಂಡು, ಕೆಳಗಿನ ಬಾಡಿಗೆ ಮನೆಯ ಬಾಗಿಲ ಕಡೆ ತಿರುಗಿ, ಗಂಟಲು ಸರಿಮಾಡಿಕೊಂಡು, ಇನ್ನೇನು ಹೆಸರು ಹಿಡಿದು ಕೂಗಬೇಕು ಅನ್ನುವಷ್ಟರಲ್ಲಿ ಫಕೀರೇಶನ ಗಾಡಿ ಅಲ್ಲಿಲ್ಲ ಎಂಬುದು ಕಣ್ಣಿಗೆ ಬಿತ್ತು. ಅದು ಗೇಟಿನಾಚೆ, ರಸ್ತೆಯಲ್ಲಿ, ಹೊಂಗೆ ಮರದ ಕೆಳಗೆ, ತರಗೆಲೆ ಮತ್ತು ಕಾಗೆ ಹಿಕ್ಕೆ ಹೊತ್ತುಕೊಂಡು ನಿಂತಿತ್ತು. ದಸರೆ ಮುಗಿದ ವಾರದಿಂದ ಅದು ಅಲ್ಲೇ ನಿಲ್ಲುತ್ತಿತ್ತು. ಅಲ್ಲೇ ನಿಲ್ಲಬೇಕೆಂದು ಅಪ್ಪಣೆ ಮಾಡಿದವನು ಸ್ವತಃ ಸಂಪತ್. ಈಗ ಪಾರ್ಕಿಂಗಿನಲ್ಲಿ ಇದ್ದದ್ದು ಒಂದೇ ಬೈಕು, ಅವನದು. ಆದರೂ ಅಷ್ಟು ಸುಲಭಕ್ಕೆ ಸೋಲೊಪ್ಪುವ ಆಸಾಮಿ ಅವನಲ್ಲ. ಮೊದಲು ತಲೆಯೆತ್ತಿ ಛಾವಣಿ ನೋಡಿದ. ಮೇಲಿನ ಮನೆಯ ಅಡುಗೆಮನೆಯಿಂದ ಏನಾದರೂ ಸೋರಿರಬಹುದೇ ಎಂದು ಯೋಚಿಸಿದ. ಮೇಲಿನ ಮನೆಯೂ ಅವನದೇ. ಯಾರೋ ಬೇಕೆಂದೇ ಬಂದು ಚೆಲ್ಲಿ ಹೋದರೇನೋ ಎಂದು ಗೇಟಿನ ಬೀಗ ಜಗ್ಗಿ ನೋಡಿದ. ಹಾಕಿದ ಬೀಗ ಹಾಕಿದ ಹಾಗೇ ಇತ್ತು. ಕೊನೆಗೆ ಬೇರೆ ದಾರಿ ಕಾಣದೆ ಪಂಚೆ ಎತ್ತಿಕಟ್ಟಿ, ತನ್ನ ಬೈಕಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಬಗ್ಗಿದ. ಇಂಜಿನ್ನಿನ ಬಲಗಡೆ, ಆಯಿಲ್ ಫಿಲ್ಟರಿನ ದುಂಡನೆಯ ಮುಚ್ಚಳದ ಕೆಳ ಅಂಚಿನಲ್ಲಿ ಒಂದು ಹನಿ, ಬೀಳಲೋ ಬೇಡವೋ ಎಂದು ತೂಗುತ್ತಿತ್ತು. ಅವನು ನೋಡುತ್ತಿದ್ದಂತೆಯೇ ಬಿತ್ತು. ಬಿದ್ದು, ಮೊದಲೇ ಬಿದ್ದಿದ್ದ ಹನಿಗಳ ಜೊತೆ ಸೇರಿ, ಟೈಲ್ಸಿನ ಸಂದಿ ಹಿಡಿದು, ದಾರಿ ಗೊತ್ತಿದ್ದವರ ಹಾಗೆ ನಿಧಾನವಾಗಿ ಫಕೀರೇಶನ ಗಾಡಿ ನಿಲ್ಲುತ್ತಿದ್ದ ಜಾಗದ ಕಡೆಗೆ ಹರಿಯಿತು.

ಆ ಇಳಿಜಾರು ಮಾಡಿಸಿದ್ದೂ ಅವನೇ. ಒಂದು ಕಾಲಕ್ಕೆ ಅಪ್ಪ ಕೆಂಚಪ್ಪ ಎತ್ತು ಕಟ್ಟುತ್ತಿದ್ದ ಕೊಟ್ಟಿಗೆಯ ಜಾಗ ಅದು. ಗೋವಿಂದರಾಜನಗರದಲ್ಲಿ ಎತ್ತುಗಳಿದ್ದವು ಎಂದರೆ ಈಗ ಯಾರೂ ನಂಬುವುದಿಲ್ಲ, ಒಮ್ಮೊಮ್ಮೆ ಸಂಪತ್ತಿಗೇ ನಂಬಿಕೆಯಾಗುವುದಿಲ್ಲ. ಹೋದ ವರ್ಷ ಟೈಲ್ಸ್ ಹಾಕಿಸುವಾಗ ಮೇಸ್ತ್ರಿ, ನೀರು ಯಾವ ಕಡೆ ಹರಿಸಲಿ ಸಾರ್ ಎಂದು ಕೇಳಿದ್ದಕ್ಕೆ ಇವನು ಒಂದು ಕ್ಷಣವೂ ಯೋಚಿಸದೆ ಬಾಡಿಗೆ ಮನೆಯ ಕಡೆ ಕೈ ತೋರಿಸಿದ್ದ. ನೀರು ಎಲ್ಲಿಗಾದರೂ ಹೋಗಲೇಬೇಕಲ್ಲ. ಆಮೇಲೆ ಎಣ್ಣೆಯ ಕಲೆ ಕಂಡ ದಿನವೂ ಅವನು ಯೋಚಿಸಲಿಲ್ಲ. ಸರ್ಕಾರಿ ಇಲಾಖೆಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿ ಕೈಕೆಳಗಿನವರಿಗೆ ಕಾರಣ ಕೇಳಿ ನೋಟಿಸ್ ಬರೆಯುವುದರಲ್ಲೇ ಅರ್ಧ ಆಯುಷ್ಯ ಕಳೆದವನಿಗೆ ಯಾರ ಕೆಳಗೆ ಕಲೆ ಇದೆಯೋ ಅವರೇ ಆರೋಪಿ ಎನ್ನುವುದು ರಕ್ತಗತವಾಗಿತ್ತು. ಕಲೆ ಫಕೀರೇಶನ ಗಾಡಿಯ ಕೆಳಗಿತ್ತು. ಫಕೀರೇಶ ಗದಗಿನ ಕಡೆಯ ಹುಡುಗ, ಊಟ ಡೆಲಿವರಿ ಮಾಡುವವನು, ಅವನ ಗಾಡಿ ಹಳೆಯದು. ಇನ್ನೇನು ಸಾಕ್ಷಿ ಬೇಕು?

“ನಂದು ಇರಾಕಿಲ್ರಿ ಸರ್,” ಎಂದಿದ್ದ ಫಕೀರೇಶ, ಹೆಲ್ಮೆಟ್ಟನ್ನು ಎದೆಗೆ ಹಿಡಿದುಕೊಂಡು. “ಮೊನ್ನೆ ಮೆಕ್ಯಾನಿಕ್‌ಗೆ ತೋರಿಸೀನಿ. ಎಲ್ಲೂ ಸೋರಂಗಿಲ್ಲ ಅಂದಾನ್ರಿ.”

“ಮತ್ತೆ ನಂದಾ?” ಎಂದಿದ್ದ ಸಂಪತ್. ಕೇಳಿದ್ದು ತಮಾಷೆಗೆ. ಅಂಥ ಪ್ರಶ್ನೆಗೆ ಉತ್ತರ ಇರುತ್ತದೆಂದು ಅವನಿಗೆ ಹೊಳೆದಿರಲಿಲ್ಲ. “ನೋಡಪ್ಪ, ನಿಮ್ ಕಡೆಯೋರು ಗಾಡಿ ಓಡಿಸ್ತೀರಿ ಅಷ್ಟೆ, ಅದನ್ನ ಇಟ್ಕೊಳೋದು ಗೊತ್ತಿಲ್ಲ. ಒಂದ್ ಕೆಲಸ ಮಾಡು, ಇನ್ಮೇಲೆ ಆಚೆ ನಿಲ್ಲಿಸ್ಕೊ.”

ನಿಮ್ ಕಡೆಯೋರು. ಈಗ ಕುಕ್ಕರುಗಾಲಲ್ಲಿ ಕೂತವನಿಗೆ ಆ ಎರಡು ಪದ ಬೇರೆ ಯಾರದೋ ಬಾಯಿಂದ ಬಂದ ಹಾಗೆ ಕೇಳಿಸಿತು. ಆದರೆ ಬೇರೆಯವರ ಬಾಯಿಗೆ ಈ ಮೂಗು, ಈ ಮೀಸೆ, ಈ ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ ಎಲ್ಲವೂ ಹೇಗೆ ಬರಬೇಕು? ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು, ಅದು ನೆನಪಿಗೆ ಬರದಿರಲಿ ಎಂದು ಅವನು ಬೇಗನೆ ಎದ್ದು ನಿಂತ. ಎದ್ದ ರಭಸಕ್ಕೆ ಹ್ಯಾಂಡಲ್ ತಲೆಗೆ ಬಡಿದು, ನೋವಿನ ಜೊತೆಗೇ ಅದೂ ಬಂತು. ಗಾಡಿ ಆಚೆ ಹೋದ ಮೇಲೂ ಫಕೀರೇಶನ ಹೆಂಡತಿ ಸುವರ್ಣಾ ಬೆಳಿಗ್ಗೆ ಬೆಳಿಗ್ಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೋಪಿನ ಪುಡಿ ಸುರಿದು, ತೆಂಗಿನ ನಾರಿನಿಂದ ಇದೇ ಟೈಲ್ಸ್ ಉಜ್ಜುತ್ತಿದ್ದಳು. ಇವನು ಹಳೆಯ ಕಲೆ ಬಿಡಿಸುತ್ತಿದ್ದಾಳೆ ಎಂದುಕೊಂಡು ಮೇಲಿನ ವರಾಂಡದಲ್ಲಿ ಕಾಫಿ ಲೋಟ ಹಿಡಿದು ನಿಂತು ನೋಡುತ್ತಿದ್ದ. ನೋಡಿ ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು? ಒಂದು ದಿನ, “ಅಲ್ಲೊಂಚೂರು ಉಳ್ಕೊಂಡಿದೆ ನೋಡಮ್ಮ, ಎಡಗಡೆ,” ಎಂದು ಬೆರಳು ತೋರಿಸಿದ್ದ. ಅವಳು ತಲೆ ಎತ್ತದೆ ಎಡಗಡೆಗೆ ಸರಿದು ಉಜ್ಜಿದ್ದಳು. ಎಡಗಡೆ ಎಂದರೆ ಅವನ ಬೈಕಿನ ಕಡೆ.

ಮೇಲೆ ಹೋದರೆ ತಾಯಿ ಯಶೋದಮ್ಮ ಇಡ್ಲಿ ಮುಟ್ಟದೆ ಕೂತಿದ್ದರು. “ಲೋ ಸಂಪತ್ತು,” ಎಂದರು, “ಸುವರ್ಣಿ ಹೇಳ್ತಿದ್ಲು, ಕೆಂಗೇರಿ ತಾವ ಮನೆ ನೋಡವ್ರಂತೆ ಕಣಪ್ಪ. ಸಾಯಂಕಾಲ ಹೋಗಿ ಮಾತಾಡ್ಕೊಂಡು ಬತ್ತಾರಂತೆ.” ಇಷ್ಟೇ ಹೇಳಿ ತಟ್ಟೆ ನೋಡುತ್ತ ಕೂತರು. ಯಶೋದಮ್ಮನಿಗೆ ಮಂಡಿ ನೋವು. ಮಧ್ಯಾಹ್ನವಿಡೀ ಸುವರ್ಣಾ ಬಂದು ಕೂತು ಮಾತಾಡದಿದ್ದರೆ ಅವರಿಗೆ ದಿನ ಸರಿಯುವುದಿಲ್ಲ. ಇಬ್ಬರ ಕನ್ನಡವೂ ಇಬ್ಬರಿಗೂ ಅರ್ಧಂಬರ್ಧ ಅರ್ಥವಾಗುತ್ತದೆ, ಉಳಿದರ್ಧಕ್ಕೆ ನಗುತ್ತಾರೆ. ಹೋದ ಚಳಿಗಾಲದಲ್ಲಿ ತಾಯಿ ಬಚ್ಚಲಲ್ಲಿ ಜಾರಿ ಬಿದ್ದಾಗ ಸಂಪತ್ ಆಫೀಸಿನಲ್ಲಿದ್ದ, ಹೆಂಡತಿ ಲತಾ ತವರಿನಲ್ಲಿದ್ದಳು. ಕೂಗು ಕೇಳಿ ಓಡಿ ಬಂದು ಎತ್ತಿದವಳು ಸುವರ್ಣಾ. ಅದನ್ನು ಅವನು ಮರೆತಿರಲಿಲ್ಲ. ಮರೆತಿರಲಿಲ್ಲ ಎನ್ನುವುದೇ ಇನ್ನೂ ದೊಡ್ಡ ಕಷ್ಟ. ಮರೆವಿನ ಮನುಷ್ಯನಾಗಿದ್ದರೆ ಇಡ್ಲಿ ಚಟ್ನಿ ತಿಂದು ಪೇಪರ್ ಓದಬಹುದಿತ್ತು.

“ಯಾಕಂತೆ ಮನೆ ಬಿಡೋದು?” ಎಂದು ಕೇಳಿದ, ಗೊತ್ತಿಲ್ಲದವನ ಹಾಗೆ.

“ಗಾಡಿ ಆಚೆ ನಿಲ್ಸಿದ್ರೆ ರಾತ್ರಿ ಯಾವನೋ ಪೆಟ್ರೋಲ್ ಕದಿತಾವ್ನಂತೆ,” ಎಂದಳು ಲತಾ, ಒಲೆಯ ಮುಂದಿನಿಂದಲೇ. “ಗಾಡಿ ಓಡ್ದೆ ಇದ್ರೆ ಅವನ ಕೆಲಸ ಹೇಗೆ ನಡೀಬೇಕು ಹೇಳಿ.” ಅವಳು ಇವನ ಕಡೆ ನೋಡಲಿಲ್ಲ. ಹೆಂಡತಿ ಇವನ ಕಡೆ ನೋಡದೆ ಮಾತಾಡಿದಾಗೆಲ್ಲ ಏನೋ ಗೊತ್ತಾಗಿದೆ ಎಂದೇ ಅರ್ಥ. ಆದರೆ ಎಷ್ಟು ಗೊತ್ತಾಗಿದೆ ಎಂದು ಇಷ್ಟು ವರ್ಷ ಸಂಸಾರ ಮಾಡಿಯೂ ಸಂಪತ್ತಿಗೆ ಅಳೆಯಲು ಬಂದಿಲ್ಲ.

ಹೇಳಬೇಕಾದದ್ದು ಮೂರೇ ಪದ. ಎಣ್ಣೆ ನನ್ನ ಗಾಡೀದು. ಮೆಟ್ಟಿಲಿಳಿದು ಬಾಗಿಲು ತಟ್ಟಿ ಹೇಳಿದರೆ ಅವರು ಕೆಂಗೇರಿಗೆ ಹೋಗುವುದು ನಿಂತರೂ ನಿಂತೀತು. ಸಂಪತ್ ಮೆಟ್ಟಿಲು ಇಳಿದ. ಇಳಿಯುವಾಗಲೇ ಅವನ ಮನಸ್ಸು, ಮೊದಲು ಸೋರಿಕೆ ನಿಲ್ಲಿಸಿಬಿಡೋಣ, ಆಮೇಲೆ ಹೇಳುವುದು ಸುಲಭ ಎಂದು ಬುದ್ಧಿ ಹೇಳಿತು. ಬೈಕು ಸರಿಮಾಡಿಕೊಂಡ ಮೇಲೆ ಹೇಳುವ ಅಗತ್ಯವೇ ಬೀಳಲಿಕ್ಕಿಲ್ಲ ಎನ್ನುವುದನ್ನು ಮಾತ್ರ ಅದು ಬಾಯಿಬಿಟ್ಟು ಹೇಳಲಿಲ್ಲ. ತನ್ನ ಮನಸ್ಸಿನ ಇಂಥ ನಾಜೂಕನ್ನು ಅವನು ಆಫೀಸಿನ ಕಡತಗಳಲ್ಲಿ ಎಷ್ಟೋ ಸಲ ಕಂಡಿದ್ದ. ಅಷ್ಟರಲ್ಲಿ ಫಕೀರೇಶ ಹೆಲ್ಮೆಟ್ ಹಾಕಿಕೊಂಡು ಹೊರಬಂದು, “ನಮಸ್ಕಾರ್ರಿ ಸರ್,” ಎಂದು ಎಂದಿನಂತೆ ತಲೆಬಾಗಿ, ಗಾಡಿಯ ಸೀಟಿನ ಮೇಲಿನ ಎಲೆ ಕೊಡವಿ, ಮಾಗಡಿ ರಸ್ತೆಯ ಕಡೆ ಹೊರಟುಹೋದ. ಗಾಡಿ ನಿಂತಿದ್ದ ಜಾಗದಲ್ಲಿ ಒಂದು ರಟ್ಟಿನ ಹಾಳೆ ಹಾಸಿತ್ತು, ಹಾರದ ಹಾಗೆ ಮೂಲೆಯಲ್ಲೊಂದು ಕಲ್ಲು. ಸಂಪತ್ತಿಗೆ ಮತ್ತೆ ಸಣ್ಣಗೆ ಸಿಟ್ಟು ಬಂತು. ಜಾಗ ಹಿಡಿದಿಟ್ಟುಕೊಳ್ಳಲು ರಸ್ತೆಗೆ ಕಲ್ಲು ಇಡುವ ಚಾಳಿ ಇವನಿಗೂ ಬಂತಲ್ಲ! ಬಾಡಿಗೆಗೆ ಬಂದವರು ಕೊನೆಗೆ ರಸ್ತೆಯನ್ನೂ ತಮ್ಮದೆನ್ನುತ್ತಾರೆ. ಹೀಗಂದುಕೊಂಡ ಮೇಲೆ ಅವನಿಗೆ ಸ್ವಲ್ಪ ಹಗುರವಾಯಿತು. ತಪ್ಪು ಎರಡೂ ಕಡೆ ಇದ್ದರೆ ಕೆಲಸ ಮಾಡಲು ಉತ್ಸಾಹ ಬರುತ್ತದೆ.

ಸ್ಪ್ಯಾನರ್ ತಂದು ಫಿಲ್ಟರ್ ಮುಚ್ಚಳದ ಬೋಲ್ಟುಗಳನ್ನು ಮೊದಲು ಇನ್ನಷ್ಟು ಬಿಗಿದ. ಬಿಗಿಯುವುದು ಅವನ ಸ್ವಭಾವಕ್ಕೆ ಒಪ್ಪುವ ಕೆಲಸ. ಇಂಜಿನ್ ಚಾಲೂ ಮಾಡಿ ಕಾದ. ಹನಿ ಮೊದಲಿಗಿಂತ ಬೇಗ ಬಿತ್ತು. ಸರಿ, ಬಿಚ್ಚಿಯೇ ನೋಡಬೇಕೆಂದು ಲತಾ ದೋಸೆಹಿಟ್ಟು ಕಲಸುವ ಪಾತ್ರೆಯನ್ನು ಅವಳಿಗೆ ಕಾಣದಂತೆ ತಂದು ಕೆಳಗಿಟ್ಟು, ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿದ. ಈಗಷ್ಟೇ ಓಡಿದ ಇಂಜಿನ್ನಿನ ಎಣ್ಣೆ ಬಿಸಿ ಇರುತ್ತದೆಂಬುದು ಮುಚ್ಚಳ ಕೈಗೆ ಬಂದಾಗ ತಿಳಿಯಿತು. ಅವನು ಕೈ ಕೊಡವಿದ, ಕೊಡವಿದ್ದು ಅಂಗಿಯ ಮೇಲೆ ಸಿಡಿಯಿತು, ಪಾತ್ರೆ ಬದಿಗೆ ಸರಿದು ಅರ್ಧ ಎಣ್ಣೆ ನೆಲಕ್ಕೆ ಹೋಗಿ, ತನಗೆ ಹಾಕಿಕೊಟ್ಟ ದಾರಿಯಲ್ಲಿ ಬಾಡಿಗೆ ಮನೆಯ ಕಡೆಗೆ ಹೊರಟಿತು. ಸಂಪತ್ ಹಳೆಯ ಪೇಪರುಗಳನ್ನು ಅಡ್ಡ ಹಾಕುತ್ತ ಅದರ ಹಿಂದೆ ಮಂಡಿಯಲ್ಲೇ ನಡೆದ. ಸುವರ್ಣಾ ಬಾಗಿಲಲ್ಲಿ ಇಟ್ಟಿದ್ದ ರಂಗೋಲಿಗೆ ಇನ್ನೊಂದು ಗೇಣಿದೆ ಎನ್ನುವಾಗ ಎಣ್ಣೆ ನಿಂತಿತು. ಅಷ್ಟರಮಟ್ಟಿಗೆ ದೇವರು ದೊಡ್ಡವನು.

ಆ ಫಿಲ್ಟರ್ ಹಾಕಿದ್ದು ಆಯುಧಪೂಜೆಯ ದಿನ. ಆ ದಿನ ಮನೆಯ ಗಂಡಸು ತನ್ನ ಕೈಯಾರೆ ಆಯುಧಗಳನ್ನು ತಿಕ್ಕಿ ತೊಳೆದು ಅಣಿಮಾಡಬೇಕು ಎನ್ನುವುದು ಕೆಂಚಪ್ಪನ ಕಾಲದ ಪದ್ಧತಿ. ಅಪ್ಪ ನೇಗಿಲು, ಕುಡುಗೋಲು, ಗುದ್ದಲಿ, ಎಲ್ಲವನ್ನೂ ಈ ಕೊಟ್ಟಿಗೆಯ ಮುಂದೆ ಸಾಲಾಗಿ ಇಟ್ಟು ಪೂಜೆ ಮಾಡುತ್ತಿದ್ದ. ನೇಗಿಲು ಹೋಗಿ ಬೈಕು ಬಂದ ಮೇಲೆ ಸಂಪತ್ ಪ್ರತಿ ವರ್ಷ ಬೈಕು ತೊಳೆದು ಹೂವಿನ ಹಾರ ಹಾಕಿ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಮುಗಿಸುತ್ತಿದ್ದ. ಈ ವರ್ಷ ಮೊಬೈಲಿನಲ್ಲಿ ಯಾರೋ ಒಬ್ಬ ಫಿಲ್ಟರ್ ಬದಲಿಸುವುದನ್ನು ನೋಡಿ, ನಾನೇ ಮಾಡುತ್ತೇನೆ ಎಂದು ಹೊರಟ. ಅಪ್ಪನ ಮಗ ತಾನು, ಬರೀ ಫೈಲು ತಳ್ಳುವ ಕೈಯಲ್ಲ ಇದು ಎಂದು ಯಾರಿಗೆ ತೋರಿಸಬೇಕಿತ್ತೋ. ಹೊಸ ಫಿಲ್ಟರ್, ಅದರ ರಬ್ಬರ್ ರಿಂಗು, ಮುಚ್ಚಳ, ಮೂರನ್ನೂ ತಟ್ಟೆಯಲ್ಲಿಟ್ಟು ದೇವರ ಮುಂದೆ ಇಟ್ಟಿದ್ದರು. ಹೊಸ ವಸ್ತು ಪೂಜೆಯಾಗದೆ ಗಾಡಿಯೊಳಗೆ ಹೋಗಕೂಡದು ಎಂದು ಯಶೋದಮ್ಮ ಅರಿಶಿನ ಕುಂಕುಮ ಇಟ್ಟು, ಮೇಲೆ ಅಕ್ಷತೆ ಹಾಕಿದ್ದರು. ಅವನು ಕಣ್ಣಿಗೊತ್ತಿಕೊಂಡು ಹಾಗೆಯೇ ಕೂರಿಸಿ ಬೋಲ್ಟ್ ಬಿಗಿದಿದ್ದ. ಲತಾ ಆಗ ಬಗ್ಗಿ ನೋಡಿ, “ರೀ, ಒರೆಸಿ ಹಾಕಬಾರ್ದಾ ಅದನ್ನ?” ಎಂದಿದ್ದಳು. “ಇದು ಮಷೀನು ಕಣೇ, ನಿನ್ನ ಕುಕ್ಕರ್ ಗ್ಯಾಸ್ಕೆಟ್ ಅಲ್ಲ,” ಎಂದು ಇವನು ಅವಳ ಬಾಯಿ ಮುಚ್ಚಿಸಿದ್ದ.

ಈಗ ಮುಚ್ಚಳವನ್ನು ಬೆಳಕಿಗೆ ಹಿಡಿದು ರಬ್ಬರ್ ರಿಂಗನ್ನು ಉಗುರಿನಿಂದ ಎತ್ತಿದರೆ, ಅದು ಕೂರುವ ಕೊರಕಲಿನಲ್ಲಿ, ಎಣ್ಣೆ ಕುಡಿದು ಹೊಳೆಯುತ್ತ, ಅರಿಶಿನದ ಬಣ್ಣವನ್ನು ಇನ್ನೂ ಬಿಡದೆ, ಒಂದು ಅಕ್ಕಿ ಕಾಳು.

ಸಂಪತ್ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಮೊದಲು ಬಂದದ್ದು, ಹೇಳಲು ನಾಚಿಕೆ, ನೆಮ್ಮದಿ. ತಪ್ಪು ತನ್ನದಲ್ಲ, ಅಮ್ಮನದು! ಅಕ್ಷತೆ ಹಾಕಿದವರು ಅಮ್ಮ. ಎಂಬತ್ತರ ಹತ್ತಿರದ ಮುದುಕಿ, ಮಂಡಿ ನೋವು, ಅವರನ್ನು ಯಾರೂ ಏನೂ ಅನ್ನುವುದಿಲ್ಲ, ನಕ್ಕು ಮುಗಿಯುತ್ತದೆ. ಫಕೀರೇಶನ ಬಳಿ ಹೋಗಿ, ನಮ್ಮಮ್ಮ ಮಾಡಿದ ಕೆಲಸ ನೋಡಪ್ಪ ಎಂದು ಹೇಳಿದರೆ ಹೇಗೆ ಎಂದು ಅವನು ಎರಡು ಸಲ ಮನಸ್ಸಿನಲ್ಲೇ ಹೇಳಿ ನೋಡಿದ, ಎರಡನೇ ಸಲ ನಗುವನ್ನೂ ಸೇರಿಸಿ. ನಡುವೆ ಅಪ್ಪ ಅಡ್ಡ ಬಂದ. ಪೂಜೆ ಮುಗಿದ ಮೇಲೆ ಕೆಂಚಪ್ಪ ಕುಡುಗೋಲಿನ ಅಲಗನ್ನು ಹೆಗಲ ಮೇಲಿನ ಟವೆಲ್ಲಿನಿಂದ ಹಿಡಿಯಿಂದ ತುದಿಯವರೆಗೆ ನಿಧಾನಕ್ಕೆ ಒರೆಸುತ್ತಿದ್ದ. ಕುಂಕುಮ ಹಿಡಿಗೆ ಇರಲಿ, ಅಲಗಿಗಲ್ಲ ಎನ್ನುತ್ತಿದ್ದ. ಹುಡುಗ ಸಂಪತ್ ಪಕ್ಕದಲ್ಲೇ ನಿಂತಿರುತ್ತಿದ್ದ, ಆದರೆ ಅವನ ಕಣ್ಣೆಲ್ಲ ಕಡಲೆಪುರಿ ಬೆಲ್ಲದ ತಟ್ಟೆಯ ಮೇಲೆ. ಅಮ್ಮ ಅಕ್ಷತೆ ಹಾಕಿದ್ದು ಸರಿ. ಹೆಂಡತಿ ಒರೆಸು ಅಂದದ್ದೂ ಸರಿ. ಬಾಡಿಗೆಯವನು ನಂದಲ್ಲ ಅಂದದ್ದೂ ಸರಿ. ಇಡೀ ಮನೆಯಲ್ಲಿ ತಪ್ಪು ಮಾಡಿದವನನ್ನು ಹುಡುಕಿದರೆ ಒಬ್ಬನೇ ಸಿಗುತ್ತಾನೆ, ಅವನ ಕೈಯಲ್ಲಿ ದೋಸೆಹಿಟ್ಟಿನ ಪಾತ್ರೆ ಇದೆ.

ಮುಚ್ಚಳ ಒರೆಸಿದ. ಕೊರಕಲಿನಲ್ಲಿ ಬಟ್ಟೆಯ ಚುಂಗು ಹಾಕಿ ಸುತ್ತಲೂ ತಿರುಗಿಸಿ ಕುಂಕುಮದ ರವೆಗಳನ್ನೂ ತೆಗೆದ. ರಿಂಗು ಹರಿದಿರಲಿಲ್ಲ, ಅದನ್ನು ಎಣ್ಣೆಯಲ್ಲಿ ಅದ್ದಿ ಮತ್ತೆ ಕೂರಿಸಿ, ಬೋಲ್ಟುಗಳನ್ನು ಈ ಸಲ ಹದವಾಗಿ ಬಿಗಿದು, ಚೆಲ್ಲಿದ್ದಷ್ಟು ಹೊಸ ಆಯಿಲ್ ಹಾಕಿ, ಇಂಜಿನ್ ಚಾಲೂ ಮಾಡಿದ. ಕಾದ. ಬೆರಳಿನಿಂದ ಮುಚ್ಚಳದ ಅಂಚು ಸವರಿದ. ಒಣಗಿತ್ತು. ಇನ್ನೊಮ್ಮೆ ಸವರಿದ. ಅವನೊಳಗೆ ಎಳೆಯ ಹುಡುಗನಿಗೆ ಆಗುವಂಥ ಸಂತೋಷ ಏರಿತು, ಮೇಲಕ್ಕೆ ಓಡಿಹೋಗಿ ಲತಾಗೆ ಹೇಳಬೇಕೆನಿಸಿತು, ಏನೆಂದು ಹೇಳಬೇಕಾಗುತ್ತದೆ ಎಂಬುದು ಹೊಳೆದೊಡನೆ ಇಳಿಯಿತು. ನೆಲವನ್ನು ಸೋಪಿನ ಪುಡಿ ಹಾಕಿ ಉಜ್ಜಿದ. ಟೈಲ್ಸ್ ಸಂದಿಯ ಎಣ್ಣೆ ಬಿಡಿಸಲು ಎಷ್ಟು ತೋಳು ಬೇಕು ಎಂಬುದು ಮೊದಲ ಸಲ ಗೊತ್ತಾಯಿತು. ಅವನಿಗೆ ಮೇಲಿಂದ ಯಾರೂ ಎಡಗಡೆ ಉಳಿದಿದೆ ಎಂದು ಹೇಳಲಿಲ್ಲ. ಆದರೂ ಎಡಗಡೆ ಉಳಿದಿತ್ತು. ಉಜ್ಜಿ ಮುಗಿಸಿದಾಗ ನೆಲ ಸ್ವಚ್ಛ, ಬೈಕು ಸ್ವಚ್ಛ. ಇನ್ನು ಯಾರಿಗೂ ಏನೂ ಗೊತ್ತಾಗುವ ಹಾಗಿರಲಿಲ್ಲ.

ಊಟದ ಹೊತ್ತಿಗೆ ಫಕೀರೇಶ ಬಂದ. ರಟ್ಟಿನ ಮೇಲೆ ಗಾಡಿ ನಿಲ್ಲಿಸಿ ಒಳಗೆ ಬಂದವನು ಎಣ್ಣೆ ಮೆತ್ತಿದ ಸಂಪತ್ತನ್ನೂ, ಪೇಪರುಗಳ ಗುಡ್ಡೆಯನ್ನೂ, ಸ್ಪ್ಯಾನರನ್ನೂ ನೋಡಿ ನಿಂತ. “ಏನ್ ಮಾಡಾಕತ್ತೀರಿ ಸರ್?”

“ಏನಿಲ್ಲಪ್ಪ, ಸುಮ್ನೆ. ಸರ್ವೀಸು,” ಎಂದ ಸಂಪತ್. ಅಕ್ಕಿ ಕಾಳು ಮೆಟ್ಟಿಲ ಮೇಲೆ, ಪೇಪರ್ ಚೂರಿನಲ್ಲಿತ್ತು. ಅವನು ಸಹಜವೆಂಬಂತೆ ಒಂದು ಹೆಜ್ಜೆ ಸರಿದು ಅದರ ಮೇಲೆ ಕಾಲಿನ ಹೆಬ್ಬೆರಳು ಇಟ್ಟು ನಿಂತ. ಈಗ ಹೇಳಬೇಕು ಎಂದುಕೊಂಡ. ಎಣ್ಣೆ ನನ್ನ ಗಾಡೀದು. ಬಾಯಿ ತೆರೆದ. ತೆರೆದ ಬಾಯಿಂದ ಬೇರೆಯೇ ಮಾತು, ತಾನು ಎಂದೂ ಅಭ್ಯಾಸ ಮಾಡಿರದ ಮಾತು, ಸಲೀಸಾಗಿ ಹೊರಬಂತು. “ನೋಡಪ್ಪ ಫಕೀರೇಶ, ಆಗಿದ್ದಾಯ್ತು. ಗಾಡಿ ಅಂದ್ಮೇಲೆ ಸೋರೋದು ಇದ್ದಿದ್ದೇ. ನಾನೂ ಸ್ವಲ್ಪ ಖಾರವಾಗಿ ಅಂದ್ಬಿಟ್ಟೆ ಅನ್ಸುತ್ತೆ. ಇವತ್ತಿಂದ ಒಳಗೇ ನಿಲ್ಲಿಸ್ಕೊ. ನಾನೇನೂ ಮನಸಲ್ಲಿ ಇಟ್ಕೊಂಡಿಲ್ಲ.”

ತಾನು ಅವನನ್ನು ಕ್ಷಮಿಸಿದೆ ಎಂಬುದು ಸಂಪತ್ತಿಗೆ ಹೊಳೆದದ್ದು ಮಾತು ಮುಗಿದ ಮೇಲೆ. ಅಷ್ಟೇ ಅಲ್ಲ, ಹಾಗೆ ಕ್ಷಮಿಸುವಾಗ ಎದೆ ತುಂಬಿ ಬಂದಿತ್ತು, ಕಣ್ಣಂಚು ಕೂಡ ಸ್ವಲ್ಪ ಒದ್ದೆಯಾಗಿತ್ತು. ಎಂಥ ಮನುಷ್ಯ ಇವನು? ಕದ್ದವನು ಮನೆಯವರ ಬೆನ್ನು ತಟ್ಟಿ ಸಮಾಧಾನ ಹೇಳಿದ ಹಾಗಾಯಿತು. ಫಕೀರೇಶ ಒಂದು ಕ್ಷಣ ಇವನ ಮುಖ ನೋಡಿದ. “ಆತ್ರಿ ಸರ್,” ಎಂದ. ಹೊರಗೆ ಹೋಗಿ ಗಾಡಿ ತಳ್ಳಿಕೊಂಡು ಬಂದು ತನ್ನ ಹಳೆಯ ಜಾಗದಲ್ಲಿ ನಿಲ್ಲಿಸಿದ. ಮತ್ತೆ ಹೊರಗೆ ಹೋದ. ಆ ರಟ್ಟಿನ ಹಾಳೆಯನ್ನು ಎತ್ತಿ, ಧೂಳು ಕೊಡವಿ, ಒಳಗೆ ತಂದ. ತಂದು, ಕೂತು, ತನ್ನ ಗಾಡಿಯ ಕೆಳಗಲ್ಲ, ಸಂಪತ್ತಿನ ಬೈಕಿನ ಕೆಳಗೆ, ಸರಿಯಾಗಿ ಫಿಲ್ಟರಿನ ಅಡಿಗೆ ಬರುವಂತೆ ಹಾಸಿದ.

“ಇರ್ಲಿ ಬಿಡ್ರಿ ಸರ್,” ಎಂದ ಮೆಲ್ಲಗೆ. “ಟೈಲ್ಸ್ ಹೊಸಾವು, ಮತ್ತ ಎಣ್ಣಿ ಕಲಿ ಬೀಳ್ತಾವ.” ಅಷ್ಟು ಹೇಳಿ ಉಣ್ಣಲು ಒಳಗೆ ಹೋದ.

ಸಂಪತ್ ರಟ್ಟನ್ನು ನೋಡುತ್ತ ನಿಂತ. ಯಾವುದೋ ಫ್ಯಾನಿನ ಡಬ್ಬ ಬಿಚ್ಚಿ ಮಾಡಿದ ಹಾಳೆ. ಅದರ ಮೇಲೆ ಧೂಳಿತ್ತು, ಹೊಂಗೆ ಎಲೆಯ ಅಚ್ಚಿತ್ತು, ಟೈರಿನ ಗೆರೆಯಿತ್ತು. ಎಣ್ಣೆ ಒಂದು ಚುಕ್ಕೆ ಇರಲಿಲ್ಲ. ದಸರೆಯಾದ ವಾರದಿಂದ ಪ್ರತಿ ಬೆಳಿಗ್ಗೆ ಫಕೀರೇಶ ಗಾಡಿ ತೆಗೆದು ಈ ಹಾಳೆ ನೋಡಿದ್ದಾನೆ. ನೋಡಿ, ಗೇಟಿನ ಕಂಬಿಯ ಸಂದಿಯಿಂದ ಒಳಗಿನ ಟೈಲ್ಸನ್ನೂ ನೋಡಿದ್ದಾನೆ. ನೋಡಿ, ನಮಸ್ಕಾರ್ರಿ ಸರ್ ಎಂದಿದ್ದಾನೆ. ಸುವರ್ಣಾಳಿಗೂ ಗೊತ್ತು, ಗೊತ್ತಿದ್ದೇ ಎಡಗಡೆಗೆ ಸರಿದು ಉಜ್ಜಿದ್ದಾಳೆ. ರಸ್ತೆ ಕಬಳಿಸಲು ಇಟ್ಟದ್ದೆಂದು ತಾನು ಬಗೆದಿದ್ದ ಆ ಕಲ್ಲು ಇನ್ನೂ ಹೊಂಗೆ ಮರದ ಬುಡದಲ್ಲಿ ಬಿದ್ದಿತ್ತು. ಸಂಪತ್ತಿಗೆ ಕಿವಿ ಬಿಸಿಯಾಯಿತು. ಮೇಲೆ ಹೋಗಿ ಸ್ನಾನ ಮಾಡಿ ಮಲಗಿಬಿಡಬಹುದಿತ್ತು. ಗಾಡಿ ಒಳಗೆ ಬಂದಾಗಿದೆ, ಸೋರುವುದು ನಿಂತಾಗಿದೆ, ಬಾಯಿಬಿಟ್ಟು ಯಾರೂ ಏನೂ ಅಂದಿಲ್ಲ. ಇಂಥ ಸ್ಥಿತಿಯಲ್ಲಿ ಆಫೀಸಿನಲ್ಲಾದರೆ ಅವನು ಕಡತದ ಮೇಲೆ ‘ಮುಕ್ತಾಯಗೊಳಿಸಿದೆ’ ಎಂದು ಬರೆದು ಸಹಿ ಹಾಕುತ್ತಿದ್ದ. ಆದರೆ ಸಾಯಂಕಾಲ ಅವರು ಕೆಂಗೇರಿಗೆ ಹೋಗಿ ಮಾತಾಡಿಕೊಂಡು ಬಂದರೆ, ನಾಳೆ ಮಧ್ಯಾಹ್ನದಿಂದ ಅಮ್ಮ ಗೋಡೆ ನೋಡುತ್ತ ಕೂತಿರುತ್ತಾರೆ, ಮತ್ತು ಸಂಪತ್ ಎಂಬ ಮನುಷ್ಯ ಹೇಗೆ ಎಂಬುದು ಕೆಂಗೇರಿಯ ಯಾವುದೋ ಒಂದು ಅಡುಗೆಮನೆಯಲ್ಲಿ ಖಾಯಂ ಆಗಿ ಉಳಿಯುತ್ತದೆ. ಅವರು ಅವನನ್ನು ಬೈಯುವುದಿಲ್ಲ. ಬೈದರೆ ತಾಳಿಕೊಳ್ಳಬಹುದಿತ್ತು. ರಟ್ಟು ಹಾಸಿದ ಹಾಗೆ, ಮೆಲ್ಲಗೆ, ಮರ್ಯಾದೆಯಿಂದ ನೆನೆಸಿಕೊಳ್ಳುತ್ತಾರೆ. ಅದು ಅವನಿಂದ ಆಗದು.

ಫಕೀರೇಶ ಕೈ ಒರೆಸಿಕೊಳ್ಳುತ್ತ ಬಂದ. ಫೋನು ಟಿಣ್ ಎಂದಿತು, ಎಲ್ಲಿಂದಲೋ ಆರ್ಡರು. ಸಂಪತ್ ಇನ್ನೂ ಅಲ್ಲೇ ನಿಂತಿದ್ದ. ಅವನು ಗಾಡಿ ಹಿಂದಕ್ಕೆ ತೆಗೆಯುವುದನ್ನೂ, ಹೆಲ್ಮೆಟ್ ಏರಿಸುವುದನ್ನೂ, ಕಿಕ್ ಹೊಡೆಯುವುದನ್ನೂ ನೋಡಿದ. ಹಳೆಯ ಗಾಡಿ ಪಾರ್ಕಿಂಗಿನ ಗೋಡೆಗಳೆಲ್ಲ ಮೊರೆಯುವಂತೆ ಸದ್ದು ಮಾಡಿತು. ಆ ಸದ್ದು ಸಂಪತ್ತಿಗೆ ಧೈರ್ಯ ಕೊಟ್ಟಿತು. ಅದರ ಮರೆಯಲ್ಲಿ ಏನು ಹೇಳಿದರೂ ಅರ್ಧ ಮಾತ್ರ ಹೇಳಿದ ಹಾಗೆ.

“ಎಣ್ಣೆ ನನ್ ಗಾಡೀದು ಕಣಪ್ಪಾ!” ಎಂದು ಕೂಗಿದ.

ಫಕೀರೇಶ ಕಿವಿ ಈ ಕಡೆ ತಿರುಗಿಸಿದ. ಕೈ ಕೆಳಗಿಳಿಸಿ ಕೀ ತಿರುಗಿಸಿ ಇಂಜಿನ್ ಬಂದ್ ಮಾಡಿದ. ಹೆಲ್ಮೆಟ್ ತೆಗೆದ. “ಏನ್ರಿ ಸರ್? ಕೇಳಿಸ್ಲಿಲ್ಲ.”

ಪಾರ್ಕಿಂಗಿನಲ್ಲಿ ಎಂಥ ಮೌನವೆಂದರೆ ಬಾಡಿಗೆ ಮನೆಯೊಳಗೆ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತದ್ದೂ ಕೇಳಿಸಿತು. ಮೇಲೆ ವರಾಂಡದಲ್ಲಿ ಕುರ್ಚಿ ಕಿರ್ ಎಂದಿತು. ಯಶೋದಮ್ಮ ಕಂಬಿ ಹಿಡಿದು ಬಗ್ಗಿರಬೇಕು, ಅವರ ಹಿಂದೆ ಲತಾ ಕೂಡ. ಒಮ್ಮೆ ಹೇಳಲು ಅರ್ಧ ದಿನ ಹಿಡಿದ ಮಾತನ್ನು ಮತ್ತೊಮ್ಮೆ, ಯಾವ ಸದ್ದಿನ ಆಸರೆಯೂ ಇಲ್ಲದೆ ಹೇಳಬೇಕಾಗಿತ್ತು. ಸಂಪತ್ ಬಗ್ಗಿ ಮೆಟ್ಟಿಲಿನಿಂದ ಪೇಪರ್ ಚೂರು ಎತ್ತಿಕೊಂಡ. ಅಂಗೈಯಲ್ಲಿ ಅದನ್ನು ಮುಂದೆ ಚಾಚಿದ. ಗಂಟಲು ಸರಿಮಾಡಿಕೊಳ್ಳಲಿಲ್ಲ.

“ಎಣ್ಣೆ ನನ್ನ ಗಾಡೀದು,” ಎಂದ. “ನಿಂದಲ್ಲ. ಮೊದ್ಲಿಂದ್ಲೂ ನಿಂದಲ್ಲ. ಪೂಜೆ ಅಕ್ಷತೆ ಒರೆಸ್ದೆ ಫಿಲ್ಟರ್ ಹಾಕ್ಬಿಟ್ಟೆ, ರಿಂಗಿನ ಕೆಳಗೆ ಸಿಕ್ಕಾಕ್ಕೊಂಡಿತ್ತು. ನಿಂಗೆ ಸುಮ್ಸುಮ್ನೆ ಅಂದೆ. ನಿಮ್ ಕಡೆಯೋರು ಅಂತ ಬೇರೆ ಅಂದೆ. ತಪ್ಪಾಯ್ತು.”

ಫಕೀರೇಶ ಕಾಳನ್ನು ನೋಡಿದ. ನಗು ಬಂದದ್ದನ್ನು ತಡೆಯಲು ಹೋಗಿ, ಆಗದೆ, ಹೆಲ್ಮೆಟ್ಟಿನೊಳಗೆ ಮುಖ ತಗ್ಗಿಸಿದ. “ಗೊತ್ತಿತ್ರಿ ಸರ್,” ಎಂದ.

“ಗೊತ್ತಿದ್ರೆ ಹೇಳೋದಲ್ವೇನೋ ಮತ್ತೆ?”

“ಹೆಂಗ್ ಹೇಳ್ಲಿ? ಮನಿ ನಿಮ್ದು, ನೆಲ ನಿಮ್ದು. ನಾ ಹೇಳಿದ್ರ ಜಗಳಾ ಆಕ್ಕಿತ್ರಿ.” ಹೆಲ್ಮೆಟ್ಟಿನ ಪಟ್ಟಿ ಸರಿಮಾಡುತ್ತ ಮತ್ತೆ ಹೇಳಿದ. “ಸುವರ್ಣಾ ಅಂತಿದ್ಲ್ರಿ, ಸರ್ ತಾವಾಗೇ ಬಂದು ಹೇಳ್ತಾರ, ತಡೀ ಅಂತ. ನಾ, ಹೇಳಂಗಿಲ್ಲ ಬಿಡು ಅಂದಿದ್ದೆ. ಈಗ ಊಟಕ್ಕ ಬಂದಾಗ ನೀವು ಮನಸಿನ್ಯಾಗ ಇಟ್ಕೊಂಡಿಲ್ಲ ಅಂದ್ರಲ್ರಿ, ಆಗ ಒಳಗ ಹೋಗಿ ಆಕಿಗೆ, ಸಂಜಿಕೆ ತಯಾರಾಗು, ಕೆಂಗೇರಿಗೆ ಹೋಗೂದ ಸೈ ಅಂದೆ.”

ಒಬ್ಬರು ತನ್ನ ಮೇಲೆ ಅಷ್ಟು ದಿನ ನಂಬಿಕೆ ಇಟ್ಟು ಕಾದಿದ್ದರೆಂಬುದು ಸಂಪತ್ತಿಗೆ ಬೈಗುಳಕ್ಕಿಂತ ಹೆಚ್ಚು ತಾಕಿತು. ಆ ನಂಬಿಕೆಯ ಬೆನ್ನ ಹಿಂದೆ ನಿಂತು ಅವನು ಕಾಫಿ ಕುಡಿದಿದ್ದ. “ಈಗ?” ಎಂದು ಕೇಳಿದ. “ಈಗ್ಲೂ ಹೋಗ್ತೀರಾ ಕೆಂಗೇರಿಗೆ?”

“ನನ್ನ ಯಾಕ ಕೇಳ್ತೀರಿ ಸರ್?” ಫಕೀರೇಶ ಹೆಲ್ಮೆಟ್ ಹಾಕಿಕೊಂಡ. “ಆರ್ಡರ್ ತಡಾ ಆತು. ದಿನಾ ಮುಂಜಾನೆ ಈ ನೆಲ ತಿಕ್ಕಿದಾಕಿ ಆಕಿ. ಆಕೀನ್ನ ಕೇಳ್ರಿ.” ಕಿಕ್ ಹೊಡೆದು, ಗೇಟು ದಾ‌ಟಿ, ಹೊಂಗೆ ಮರದ ಬುಡದ ಕಲ್ಲನ್ನು ತಪ್ಪಿಸಿಕೊಂಡು ಹೊರಟುಹೋದ.

ಮೇಲಿಂದ ಯಶೋದಮ್ಮ, “ಏನಂದೆ ಅವನಿಗೆ, ಸಂಪತ್ತು?” ಎಂದು ಕೇಳಿದರು. ಲತಾ ಮೆಲ್ಲನೆ, “ಸುಮ್ನಿರಿ ಅತ್ತೆ, ಇನ್ನೂ ಮುಗಿದಿಲ್ಲ,” ಎಂದದ್ದು ಕೇಳಿಸಿತು. ಸಂಪತ್ ಬಾಡಿಗೆ ಮನೆಯ ಕಡೆಗೆ ನಡೆದ. ಇಳಿಜಾರು ಆ ಕಡೆಗೇ ಇದ್ದುದರಿಂದ ನಡೆಯುವುದು ಕಷ್ಟವಾಗಬಾರದಿತ್ತು, ಆಯಿತು. ರಂಗೋಲಿ ತುಳಿಯದಂತೆ ಪಕ್ಕಕ್ಕೆ ನಿಂತ. ಬೆಲ್ ಒತ್ತಲು ಬೆರಳೆತ್ತಿದರೆ ಬೆರಳೆಲ್ಲ ಎಣ್ಣೆ, ಬೆಲ್ಲಿನ ಬಿಳಿ ಗುಂಡಿಯ ಮೇಲೆ ಇನ್ನೊಂದು ಕಲೆ ಬಿದ್ದರೆ ಅದನ್ನು ಒರೆಸುವವರು ಯಾರೆಂದು ಅವನಿಗೆ ಗೊತ್ತಿತ್ತು. ಕೈ ಹಿಂದೆಗೆದು, ಮೊಣಕೈಯಿಂದ ಬಾಗಿಲು ತಟ್ಟಿದ. ಒಳಗೆ ಬಳೆ ಸದ್ದಾಯಿತು, ಚಿಲಕ ಸರಿಯಿತು. ಸಂಪತ್ ಅಕ್ಕಿ ಕಾಳನ್ನು ಅಂಗೈಯಲ್ಲಿ ಬಿಚ್ಚಿ ಹಿಡಿದು, ಅದೇ ಮಾತನ್ನು ಮೂರನೆಯ ಸಲ ಹೇಳಲು ಬಾಯಿ ತೆರೆದ.